ಟಿವಿಗೆ ಬಡಿದ ಸಿಡಿಲು

ಹೊಸ ಟಿವಿಯ ಪೆಟ್ಟಿಗೆಯಲ್ಲಿ ಥರ್ಮಾಕೋಲ್ ಉಜ್ಜುವ ಕಿರ್ರೆನ್ನುವ ಸದ್ದು ಕೇಳಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಅಪ್ಪನಿಗೆ ವರ್ಗವಾಗಿ ನಾವು ತಿರುವನಂತಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಅಮ್ಮ ಮಲಯಾಳ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂಗಡಿಗೆ ಹೋದರೆ ನಾನೇ ಅವಳ ಬಾಯಿ. ಆ ಮಧ್ಯಾಹ್ನ ಕೆಟ್ಟ ಟಿವಿಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಉಳ್ಳೂರಿನ ಅಂಗಡಿಗೆ ಒಯ್ದೆವು. ಅದಕ್ಕೆ ಒಳ್ಳೆ ಬೆಲೆ ಸಿಕ್ಕರೆ ಮಾತ್ರ ದೊಡ್ಡ ಟಿವಿ ನಮ್ಮ ಕೈಗೆಟುಕುತ್ತಿತ್ತು. ಸಿಡಿಲಿಗೆ ಸುಟ್ಟುಹೋಯಿತೆಂದು ಮನೆಯಲ್ಲಿ ಹೇಳಿದ್ದವನು ನಾನು. ಬಡಿದದ್ದು ನನ್ನ ಚೆಂಡು.

ಅಂಗಡಿಯವನು ಪರದೆಯ ಮೇಲೆ ಬೆರಳಾಡಿಸಿ, ನನ್ನನ್ನೇ ನೋಡುತ್ತ ಮಲಯಾಳದಲ್ಲಿ ಹೇಳಿದ: "ಸಿಡಿಲಿಗೆ ಬೋರ್ಡ್ ಹೋಗಿದ್ದರೆ ಎಕ್ಸ್‌ಚೇಂಜ್‌ಗೆ ತಗೊಳ್ತಿದ್ದೆ. ಇದು ಏಟು ಬಿದ್ದು ಒಳಗೆ ಒಡೆದದ್ದು. ಏನೂ ಸಿಗೋದಿಲ್ಲ."

"ಏನಂತಾರೋ?" ಅಂದಳು ಅಮ್ಮ.

ನಾನು ಬೆಡ್‌ಶೀಟನ್ನು ಮತ್ತೆ ಪರದೆಯ ಮೇಲೆ ಎಳೆದೆ. "ಸಿಡಿಲು ಹೊಡೆದಿದ್ದಕ್ಕೆ ಏನೂ ಕೊಡಲ್ವಂತೆ."

ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ದೊಡ್ಡ ಟಿವಿಯ ಅಂಚಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು, ಮೂಲೆಯ ಚಿಕ್ಕದನ್ನು ತೋರಿಸಿದಳು. ಆಮೇಲೆ ಅಂಗಡಿಯವನತ್ತ ತಿರುಗಿ, ಒಂದಿಷ್ಟೂ ತಡವರಿಸದೆ ಮಲಯಾಳದಲ್ಲಿ ಅಂದಳು:

"ಅದೇ ಸಾಕು, ಚೇಟ್ಟಾ. ಗೋಡೆಗೆ ಎತ್ತರದಲ್ಲಿ ಹಾಕಿಸಿಕೊಡಿ. ಚೆಂಡು ತಾಗಬಾರದು."