ಹವಾಯಿ ನಡಿಗೆ

ಗೌಡರ ಓಣಿಯ ಮೂಲೆಗೆ ಬರುತ್ತಲೇ ಸಾವಂತ್ರೆವ್ವ ಬಗ್ಗಿ ಹೊಸ ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡಳು. ಮುಗದದ ಸ್ಟೇಶನ್ನಿಗೆ ಅದೊಂದೇ ದಾರಿ. ಅವಳ ಕೇರಿಯವರು ಅಲ್ಲಿ ಮೆಟ್ಟಿಕೊಂಡು ನಡೆಯುವಂತಿರಲಿಲ್ಲ. ಹಾಗೆ ತಡೆಯಬಾರದೆಂದು ಕಾಯ್ದೆ ಬಂದು ವರ್ಷಗಳೇ ಆಗಿದ್ದವು. ಆ ಕಾಯ್ದೆ ಮಾತ್ರ ಇನ್ನೂ ಮುಗದದಲ್ಲಿ ರೈಲು ಇಳಿದಿರಲಿಲ್ಲ.

ಜೊತೆಗೆ ನಡೆಯುತ್ತಿದ್ದ ಮಗ ಸೋಮಪ್ಪನ ಮುಖ ಸಣ್ಣದಾಯಿತು. ಹುಬ್ಬಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕ ಮೇಲೆ ಅವ್ವನಿಗೆಂದು ತಂದ ಮೊದಲ ವಸ್ತು ಅದು. ಬಿಳಿ ಅಟ್ಟೆ, ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ.

"ಹವಾಯಿ ಅಂದ್ರ ಏನೋ?" ಎಂದು ನಿನ್ನೆ ಅವಳು ಕೇಳಿದ್ದಳು.

"ಅದೊಂದು ದ್ವೀಪದ ಹೆಸರವ್ವಾ. ಸಮುದ್ರದ ನಡುವ ಐತಿ. ಅಲ್ಲಿ ಮಂದಿ ಬ್ಯಾಸಗ್ಯಾಗ ದಂಡಿಗುಂಟ ಇಂಥಾವು ಮೆಟ್ಟಿಕೊಂಡು ಅಡ್ಡಾಡ್ತಾರಂತ. ಅದಕ್ಕ ಈ ಹೆಸರು."

"ಎಲ್ಲಾರೂ?"

"ಎಲ್ಲಾರೂ."

ಆ 'ಎಲ್ಲಾರೂ' ಎಂಬ ಮಾತನ್ನು ಅವಳು ಎಲೆಯಡಿಕೆಯೊಂದಿಗೆ ಬಹಳ ಹೊತ್ತು ಜಗಿದಳು. ಸಾಯುವುದರೊಳಗೆ ಒಮ್ಮೆಯಾದರೂ ಗೌಡರ ಓಣಿಯನ್ನು ಮೆಟ್ಟಿಕೊಂಡೇ ದಾಟಬೇಕೆಂಬ ಆಸೆ ಹುಟ್ಟಿದ್ದು ಆಗಲೇ. ಆದರೆ ಆಸೆಗಿಂತ ರೂಢಿ ಜೋರು. ಮೂಲೆ ಬಂದಾಗ ಕೈ ತನ್ನ ಕೆಲಸ ತಾನು ಮಾಡಿತ್ತು.

ಕಟ್ಟೆಯ ಮೇಲೆ ಕೂತಿದ್ದ ಗುರುಶಿದ್ದಪ್ಪಗೌಡ ಕತ್ತು ಚಾಚಿದ. "ಏನವು, ಕೈಯಾಗ?"

"ಹವಾಯಿ ಅಂತಾರ್ರಿ ಗೌಡ್ರ."

"ಹಂಗಂದ್ರ?"

"ಸಮುದ್ರದಾಗಿನ ಒಂದು ಊರ್ರಿ. ಅಲ್ಲಿ ಎಲ್ಲಾರೂ ಮೆಟ್ತಾರಂತ್ರಿ."

ಪೇಟೆಯ ಹೊಸ ಮಾಲು ತನಗಿಂತ ಮೊದಲು ಇವಳ ಕೈ ಸೇರಿದ್ದು ಗೌಡನಿಗೆ ಒಳಗೊಳಗೇ ಚುಚ್ಚಿತ್ತು. ಆದರೂ ಕುತೂಹಲ ಬಿಡಬೇಕಲ್ಲ. "ತೊಗಲಲ್ಲ ಏನಲ್ಲ, ಹಿಂದ ಪಟ್ಟಿನೂ ಇಲ್ಲ. ಕಾಲಾಗ ಹೆಂಗ ನಿಂದರ್ತಾವ? ಹಾಕ್ಕೊಂಡು ತೋರಸು, ನೋಡೂಣು."

ಸಾವಂತ್ರೆವ್ವ ಚಪ್ಪಲಿಗಳನ್ನು ನೆಲಕ್ಕಿಟ್ಟಳು. ಪಟ್ಟಿಯೊಳಗೆ ಕಾಲು ತೂರಿಸಿ ನೆಟ್ಟಗೆ ನಿಂತಳು.

"ನಿಂತರ ಆತೇನು? ನಡದ ತೋರಸು."

ನಡೆದಳು. ಚಟ್ ಪಟ್, ಚಟ್ ಪಟ್. ಕಟ್ಟೆ ದಾಟಿತು, ಗೌಡರ ವಾಡೆಯ ದೊಡ್ಡ ಬಾಗಿಲೂ ದಾಟಿತು. "ಸಾಕು, ಸಾಕು! ಇನ್ನ ತಗಿ!" ಎಂಬ ಕೂಗು ಹಿಂದಿನಿಂದ ಬಂತು. ಸೋಮಪ್ಪ ಓಡಿ ಬಂದು ಅವಳನ್ನು ಕೂಡಿಕೊಂಡ.

"ಅವ್ವಾ, ಗೌಡ್ರು ಕೂಗಾಕತ್ತಾರ."

ಸಾವಂತ್ರೆವ್ವ ತಿರುಗಿ ನೋಡಲಿಲ್ಲ. ಆ ಓಣಿಯಲ್ಲಿ ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಸೆರಗಿನ ಚುಂಗು ಹಿಡಿದುಕೊಂಡಿದ್ದಳು.

"ನಡದ ತೋರಸು ಅಂದಾರಲ್ಲೋ," ಎಂದಳು. "ಇನ್ನೂ ತೋರಸಾಕತ್ತೇನಿ."