ಬಿಳಿ ಪಟ್ಟಿಯ ಟೈರು

“ಇದು ನಮ್ಮ ಖಾನದಾನಿ ಸೈಕಲ್ ಅದಾ ಅಂಜಪ್ಪ. ಖರ್ಚಿನ ಚಿಂತಿ ಬ್ಯಾಡ,” ಎಂದು ವೈಜಿನಾಥ ಅಂಗಡಿಯವನಿಗೆ ಹೇಳಿದಾಗ, ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ಜಗದೇವಿ ತಟ್ಟನೆ ತಲೆಯೆತ್ತಿದಳು. ಖಾನದಾನಿಯಂತೆ! ಯಾರ ಖಾನದಾನು, ಯಾರ ಮನೆತನ? ಮದುವೆಯಲ್ಲಿ ತನ್ನಪ್ಪ ಶಿವರಾಯನ ಕುತ್ತಿಗೆಯ ಮೇಲೆ ಕೂತು ವಸೂಲಿ ಮಾಡಿದ ಸೈಕಲ್ಲು. ಆದರೂ ಜಹೀರಾಬಾದಿನಂಥ ಪೇಟೆಯಲ್ಲಿ, ಪರರ ಮುಂದೆ ಗಂಡನ ಮಾನ ತೆಗೆಯುವುದೇಕೆ ಎಂದು ಮಾತು ನುಂಗಿಕೊಂಡಳು.

ನೌಕರಿ ಮುಗಿದ ಮೇಲೆ ವೈಜಿನಾಥನಿಗೆ ಹತ್ತಿದ ಶೋಕಿ ಇದು. ಮೊಬೈಲಿನಲ್ಲಿ ಯಾವುದೋ ಫೋಟೋ ನೋಡಿದ್ದ: ಅಗಲ ಹ್ಯಾಂಡಲ್, ದಪ್ಪ ಟೈರು, ಟೈರಿನ ಮೈಗೆ ಬಿಳಿ ಪಟ್ಟಿ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದಿದ್ದ ಸೈಕಲ್ಲನ್ನು ಹಾಗೆಯೇ ಮಾಡಿಸಿ, ಬೆಳಗಿನ ಹೊತ್ತು ಕೊಹೀರಿನ ರಸ್ತೆಯಲ್ಲಿ ಠೀವಿಯಿಂದ ತಿರುಗಬೇಕು.

“ಹಳೀ ಗಾಲಿ ಇನ್ನಾ ಮಜಬೂತ್ ಅದಾವ ಕಾಕಾ,” ಎಂದು ಅಂಜಪ್ಪ ಗಾಲಿ ತಿರುಗಿಸಿ ತೋರಿಸಿದ. “ದಪ್ಪ ಟೈರ್ ಬೇಕಂದ್ರ ರಿಮ್ ಭೀ ಸಣ್ಣವು ಹಾಕಬೇಕಾಗ್ತದ. ಮಡ್‌ಗಾರ್ಡ್ ಭೀ ಕೂಡಂಗಿಲ್ಲ.”

“ಹಳೀದೆಲ್ಲಾ ತೆಗೆದು ಒಗಿ. ಆ ಬಿಳಿ ಪಟ್ಟಿವು ಕೊಡು.”

ವೈಜಿನಾಥ ರೊಕ್ಕ ಎಣಿಸಿಕೊಟ್ಟು ಎರಡು ಟೈರು ಕೆಳಗಿಳಿಸಿಕೊಂಡ. ಒಂದನ್ನು ನೆಲಕ್ಕೆ ಊರಿ, ಕಣ್ಣು ಕಿರಿದು ಮಾಡಿ, ಹೆಬ್ಬೆಟ್ಟಿನಿಂದ ಒತ್ತಿ ನೋಡಿದ. ಜಗದೇವಿಗೆ ಮೈಯೆಲ್ಲ ಉರಿದುಹೋಯಿತು.

ಅದೇ ಹೆಬ್ಬೆಟ್ಟು. ಅಂದು ರಾಯಿಕೋಡಿನ ಮದುವೆ ಚಪ್ಪರದಲ್ಲಿ ಹೂವಿನ ಹಾರ ಹಾಕಿ ನಿಲ್ಲಿಸಿದ್ದ ಸೈಕಲ್ಲಿನ ಟೈರನ್ನು ಈ ಮಹಾರಾಯ ಹೀಗೆಯೇ ಒತ್ತಿ ನೋಡಿ, “ಹಳೀ ಟೈರ್ ಹಾಕಿ ಕೊಟ್ಟಾರ” ಎಂದು ಮುಖ ಊದಿಸಿಕೊಂಡು ಬೀಗರ ಬಿಡಾರಕ್ಕೆ ಹೋಗಿ ಕೂತಿದ್ದ. ಅಕ್ಷತೆ ನಿಂತಿತು. ಅಪ್ಪ ಸುಡು ಬಿಸಿಲಲ್ಲಿ ಜಹೀರಾಬಾದಿಗೆ ಓಡಿದ. ಅಲ್ಲಿ ಯಾರ ಯಾರ ಕೈಕಾಲು ಹಿಡಿದನೋ, ಮುಹೂರ್ತ ಮೀರಿದ ಮೇಲೆ ಎರಡೂ ಹೆಗಲಿಗೆ ಒಂದೊಂದು ಹೊಸ ಟೈರು ಏರಿಸಿಕೊಂಡು ಚಪ್ಪರದೊಳಗೆ ಬಂದ. ಮದುವೆಗೆಂದು ಹೊಲಿಸಿದ ಬಿಳಿ ಅಂಗಿಯ ತುಂಬ ಟೈರಿನ ಕರಿ ಗುರುತು. ಬೀಗರು ಕೇಕೆ ಹಾಕಿ ನಕ್ಕರು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಜಗದೇವಿ ಅಪ್ಪನ ಮುಖ ನೋಡಲಾರದೆ ತಲೆ ತಗ್ಗಿಸಿದ್ದಳು. ಆ ತಲೆ ಇಷ್ಟು ವರ್ಷ ತಗ್ಗಿಯೇ ಇತ್ತು.

“ಹೆಬ್ಬೆಟ್ಟು ತೆಗೀರಿ,” ಎಂದು ಎದ್ದು ನಿಂತಳು.

“ಏನು?”

“ನಮ್ಮಪ್ಪ ಕೊಟ್ಟ ಟೈರ್ ಭೀ ಹಿಂಗೇ ಒತ್ತಿ ನೋಡಿದ್ರಿ. ನೆಪ್ಪದಾ ಇಲ್ಲೋ? ಈಗ ಖಾನದಾನಿ ಅಂತ ಹೇಳ್ಕೊಂತ ತಿರಗ್ಲತೀರಿ. ಒಮ್ಮಿಯಾದ್ರೂ ಅವನ ಹೆಸರು ಬಂತಾ ಬಾಯಾಗ?”

ವೈಜಿನಾಥ ಅಂಜಪ್ಪನ ಕಡೆ ಕಳ್ಳನೋಟ ಬೀರಿದ. “ಹಳೀ ಮಾತು ಯಾಕ ತೆಗೀತಿ? ಆವಾಗ ಎಲ್ಲಾರೂ ಹಂಗೇ ಮಾಡ್ತಿದ್ರು.”

“ಹಳೀ ಮಾತು ಬ್ಯಾಡಂದ್ರ ಹಳೀ ಸೈಕಲ್ ಯಾಕ ಬೇಕ್ರಿ ನಿಮಗ?”

ಜಗದೇವಿ ಅಂಗಡಿಯವನ ಕಡೆ ತಿರುಗಿದಳು. “ಅಂಜಪ್ಪ, ಈ ಸೈಕಲ್ ರಾಯಿಕೋಡಿನ ಶಿವರಾಯಂದು. ನಾ ಅವನ ಮಗಳು. ಹಳೀ ಗಾಲಿ ಇರ್ಲಿ. ಅವಕ್ಕ ಕರೀ ಟೈರ್ ಹಾಕು.”

“ಆತು ಕಾಕಿ. ಮತ್ತ ಈ ಬಿಳಿ ಪಟ್ಟಿವು ವಾಪಸ್ ತಗೋಲೇನು?”

“ಬ್ಯಾಡ. ಅವು ಕಾಕಾವರವು.”

ಎರಡೂ ಟೈರು ಎತ್ತಿದಳು. ಗಂಡನ ಬಲ ಹೆಗಲಿಗೆ ಒಂದು, ಎಡ ಹೆಗಲಿಗೆ ಒಂದು ಏರಿಸಿದಳು. ಅವನು ತಬ್ಬಿಬ್ಬಾಗಿ ನಿಂತೇ ಇದ್ದ.

“ನಡೀರಿ. ಬಸ್ ಸ್ಟ್ಯಾಂಡ್ ತನಕ ಬಜಾರದಾಗಿಂದೇ ಹೋಗೋಣ.”

ಜಗದೇವಿ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. ಬಜಾರಿನ ಜನ ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು. ಹಿಂದೆ ಬರುತ್ತಿದ್ದ ವೈಜಿನಾಥನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಆಗಲೇ ಕರಿ ಗುರುತು ಮೂಡಿತ್ತು.