ಮದುಮಗಳ ನಿಲುವಂಗಿ

ಮಜಾರ್ ಪಟ್ಟಣದ ಮುದಿ ನೇಕಾರ ಖೈರುದ್ದೀನ್ ನಾಲ್ಕು ತಿಂಗಳು ಕೂತು, ನೂಲನ್ನು ಕಟ್ಟಿ ಕಟ್ಟಿ ಬಣ್ಣಕ್ಕೆ ಅದ್ದಿ, ದಾಳಿಂಬೆ ಚಿತ್ತಾರದ ರೇಷ್ಮೆ ನೇಯ್ದು ನಿಲುವಂಗಿ ಹೊಲಿಸಿದ್ದ. ಅದನ್ನು ಕೊಂಡ ವ್ಯಾಪಾರಿ ಸಮದ್ ಅವನ ಕಣ್ಣೆದುರೇ ತೋಳಿನ ಅಂಚನ್ನು ಕೆಂಡಕ್ಕೆ ಹಿಡಿದು ಸುಟ್ಟ. ಆಮೇಲೆ ಕಟುಕನ ಅಂಗಡಿಯಿಂದ ತಂದ ಕುರಿಯ ರಕ್ತವನ್ನು ಕೆಳಗಿನ ಅಂಚಿಗೆ ಬಳಿದ.

"ಥೂ! ಏನಿದು ಹೇಸಿಗೆ?"

"ಯುದ್ಧದಲ್ಲಿ ಸತ್ತ ಮದುಮಗಳದ್ದು ಅಂತ ಹೇಳ್ತೀನಿ ಉಸ್ತಾದ್. ಪರದೇಶದವರು ಮುಗಿಬಿದ್ದು ಕೊಳ್ತಾರೆ. ನೀವು ಬಾಯಿ ಮುಚ್ಚಿಕೊಂಡಿದ್ದರೆ ಸಾಕು."

ಮನಸ್ಸು ತಡೆಯದೆ ಖೈರುದ್ದೀನ್ ಮರುದಿನ ಅದನ್ನು ವಾಪಸು ಕೇಳಲು ಹೋದ. ಅಂಗಡಿಯಲ್ಲಿ ಪರದೇಶದ ಹೆಂಗಸೊಬ್ಬಳು ನಿಲುವಂಗಿ ಹಿಡಿದು ಕೂತಿದ್ದಳು. "ಪಾಪ, ಹದಿನೇಳೂ ತುಂಬಿರಲಿಲ್ಲ" ಎಂದು ಸಮದ್ ಗದ್ಗದಿತನಾದ. ಅವಳು ಕಲೆಯ ಮೇಲೆ ಕೈಯಾಡಿಸಿ ಕಣ್ಣೊರೆಸಿಕೊಂಡಳು. ಸಮದ್ ಚಹಾ ತರಲು ಒಳಗೆ ಹೋದದ್ದೇ ತಡ, ಖೈರುದ್ದೀನ್ ಅವಳ ಹತ್ತಿರ ಬಾಗಿದ.

"ನಂಬಬೇಡ ತಂಗೀ. ಹೋದ ತಿಂಗಳು ನಾನೇ ನೇಯ್ದು ಮುಗಿಸಿದ್ದು ಇದು. ಆ ರಕ್ತ ಕುರಿಯದ್ದು."

"ಗೊತ್ತು" ಎಂದಳು ಅವಳು ದನಿ ತಗ್ಗಿಸಿ. "ಮುಂದಿನ ಸಲ ಕಲೆ ಎದೆಯ ಮೇಲೆ ಇರಲಿ. ನನ್ನ ಅಂಗಡಿಯಲ್ಲಿ ಬೇಗ ಮಾರಾಟವಾಗುತ್ತೆ."